ಗಾಲ್ಫ್ ಚೆಂಡಿನ ಹೊಸ ನಿಯಮಕ್ಕೆ ನಮ್ಮ ಹೆಸರಿನಲ್ಲಿ ವಿರೋಧ ಬೇಡ

ಮಾನ್ಯ ಸಂಪಾದಕರೇ,

ಗಾಲ್ಫ್ ಚೆಂಡು ಈಗ ಹಾರುವುದಕ್ಕಿಂತ ಸ್ವಲ್ಪ ಕಡಿಮೆ ದೂರ ಹಾರುವಂತೆ ಮಾಡಬೇಕೆಂದು, ಈ ಆಟದ ನಿಯಮಗಳನ್ನು ರೂಪಿಸುವ ಎರಡು ಸಂಸ್ಥೆಗಳಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಅಂದಿನಿಂದ ಗಾಲ್ಫ್ ಆಡುವವರ ನಡುವೆ ಈ ಕುರಿತು ನಡೆಯುತ್ತಿರುವ ವಾದ ಇನ್ನೂ ತಣ್ಣಗಾಗಿಲ್ಲ. ವಿರೋಧಿಸುವವರಲ್ಲಿ ಹೆಚ್ಚಿನವರು ಮುಂದಿಡುವ ಕಾರಣ ಒಂದೇ: ಈ ನಿಯಮದಿಂದ ಸಾಮಾನ್ಯ ಹವ್ಯಾಸಿ ಆಟಗಾರನಿಗೆ ಅನ್ಯಾಯವಾಗುತ್ತದೆ. ನಾನು ಬೆಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಲ್ಫ್ ಆಡುತ್ತಿರುವ, 19 ಹ್ಯಾಂಡಿಕ್ಯಾಪ್‌ನ (ಅಂದರೆ ಒಂದು ಸುತ್ತಿಗೆ ಸುಮಾರು 19 ಹೊಡೆತಗಳ ರಿಯಾಯಿತಿ ಸಿಗುವ) ಒಬ್ಬ ಸಾಮಾನ್ಯ ಹವ್ಯಾಸಿ. ನನ್ನಂಥವರ ಹೆಸರಿನಲ್ಲಿ ಮಂಡಿಸಲಾಗುತ್ತಿರುವ ಈ ವಾದ ನನಗೆ ಒಪ್ಪಿಗೆಯಿಲ್ಲ ಎಂದು ದಾಖಲಿಸುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಗಾಲ್ಫ್ ಆಡದ ಓದುಗರಿಗೂ ಈ ವಿಷಯದಲ್ಲಿ ಸಂಬಂಧವಿದೆ. ಏಕೆಂದರೆ ಚೆಂಡಿನ ದೂರದ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ನೆಲ ಮತ್ತು ನೀರಿನ ಬಳಿ.

ಮೊದಲು ನಿಯಮ ಏನೆಂದು ಹೇಳಿಬಿಡುತ್ತೇನೆ. ಸ್ಪರ್ಧೆಗೆ ಅರ್ಹವೆನಿಸಬೇಕಾದ ಪ್ರತಿಯೊಂದು ಮಾದರಿಯ ಚೆಂಡನ್ನೂ ಪ್ರಯೋಗಾಲಯದಲ್ಲಿ ಯಂತ್ರದ ನೆರವಿನಿಂದ ಪರೀಕ್ಷಿಸುತ್ತಾರೆ. 2004ರಿಂದ ಜಾರಿಯಲ್ಲಿರುವ ಪರೀಕ್ಷೆಯಲ್ಲಿ ಡ್ರೈವರ್‌ನ, ಅಂದರೆ ಅತಿ ದೂರದ ಮೊದಲ ಹೊಡೆತಕ್ಕೆ ಬಳಸುವ ಕೋಲಿನ, ತಲೆಯ ವೇಗ ಗಂಟೆಗೆ 120 ಮೈಲಿ, ಚೆಂಡು ಮೇಲೇಳುವ ಕೋನ 10 ಡಿಗ್ರಿ, ಅದು ನಿಮಿಷಕ್ಕೆ ತಿರುಗುವ ಸುತ್ತುಗಳು 2,520. ಈ ಲೆಕ್ಕದಲ್ಲಿ ಹೊಡೆದ ಚೆಂಡು, ಮೂರು ಗಜದ ರಿಯಾಯಿತಿಯೂ ಸೇರಿ, 320 ಗಜ ದಾಟಬಾರದು. ಹೊಸ ನಿಯಮ ಈ 320 ಗಜದ ಮಿತಿಯನ್ನು ಮುಟ್ಟಿಲ್ಲ. ಬದಲಿಗೆ ಪರೀಕ್ಷೆಯ ವೇಗವನ್ನು 125 ಮೈಲಿಗೆ, ಕೋನವನ್ನು 11 ಡಿಗ್ರಿಗೆ ಏರಿಸಿ, ಸುತ್ತುಗಳನ್ನು 2,200ಕ್ಕೆ ಇಳಿಸಿದೆ. ಮಿತಿ ಹಿಂದಿನದೇ, ಹೊಡೆತ ಮಾತ್ರ ಹಿಂದಿನದಕ್ಕಿಂತ ಜೋರು. ಆದ್ದರಿಂದ ಇಂದು ಮಿತಿಯ ಅಂಚಿನಲ್ಲಿ ತೇರ್ಗಡೆಯಾಗುತ್ತಿರುವ ಚೆಂಡುಗಳು ಹೊಸ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ, ತಯಾರಕರು ಅವುಗಳನ್ನು ಮತ್ತೆ ರೂಪಿಸಬೇಕಾಗುತ್ತದೆ. ಅಂದಿನ ಪ್ರಕಟಣೆಯ ಪ್ರಕಾರ ಇದು ಉನ್ನತ ಮಟ್ಟದ ಸ್ಪರ್ಧೆಗಳಿಗೆ 2028ರ ಜನವರಿಯಿಂದ, ನಮ್ಮಂಥ ಹವ್ಯಾಸಿಗಳಿಗೆ 2030ರ ಜನವರಿಯಿಂದ ಅನ್ವಯವಾಗಬೇಕು.

ಯಾರಿಗೆ ಎಷ್ಟು ಗಜ ಕಡಿಮೆಯಾಗುತ್ತದೆ ಎಂಬ ಅಂದಾಜನ್ನೂ ಅದೇ ಸಂಸ್ಥೆಗಳು ಕೊಟ್ಟಿವೆ. ಅತ್ಯಂತ ಜೋರಾಗಿ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಗಜ, ಪುರುಷರ ಟೂರ್‌ಗಳ (ವೃತ್ತಿಪರ ಪಂದ್ಯಾವಳಿ ಸರಣಿಗಳ) ಸರಾಸರಿ ಆಟಗಾರನಿಗೆ 9ರಿಂದ 11 ಗಜ, ಮಹಿಳಾ ವೃತ್ತಿಪರರಿಗೆ 5ರಿಂದ 7 ಗಜ, ಹವ್ಯಾಸಿಗಳಿಗೆ 5 ಗಜ ಅಥವಾ ಅದಕ್ಕೂ ಕಡಿಮೆ. ವ್ಯತ್ಯಾಸ ಇಷ್ಟೊಂದು ಇರುವುದಕ್ಕೆ ಕಾರಣ ಸರಳ. ಪರೀಕ್ಷೆ ನಡೆಯುವುದು ಗಂಟೆಗೆ 125 ಮೈಲಿ ವೇಗದಲ್ಲಿ. ಸಾಮಾನ್ಯ ಹವ್ಯಾಸಿ ಪುರುಷನ ವೇಗ 93 ಮೈಲಿಯ ಆಸುಪಾಸು. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಬಲು ಬೇಗ ಹೆಚ್ಚುತ್ತದೆ. ಹೊಸ ವಿನ್ಯಾಸದ ಬಿಗಿ ತಟ್ಟುವುದು ಆ ಮೇಲಿನ ವೇಗದಲ್ಲೇ ಹೊರತು, ಭಾನುವಾರ ಬೆಳಿಗ್ಗೆ ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ನಿಂತ ನನ್ನ ಹೊಡೆತದಲ್ಲಿ ಅಲ್ಲ.

ಈ ಐದು ಗಜ ನನ್ನ ಆಟದಲ್ಲಿ ಎಷ್ಟು ದೊಡ್ಡದು ಎಂದು ತಿಳಿಯುವ ಆಸೆಯಿಂದ ಕಳೆದ ಚಳಿಗಾಲದಲ್ಲಿ ನಾನೊಂದು ಲೆಕ್ಕ ಇಟ್ಟೆ. ಸಮತಟ್ಟಾದ ಎರಡು ಫೇರ್‌ವೇಗಳಲ್ಲಿ (ಟೀಯಿಂದ ಗುಳಿಯ ಕಡೆಗೆ ಸಾಗುವ, ಹುಲ್ಲು ಕತ್ತರಿಸಿದ ಹಾದಿಗಳಲ್ಲಿ) ನನ್ನ ಡ್ರೈವ್, ಅಂದರೆ ಡ್ರೈವರ್‌ನ ಹೊಡೆತ, ಎಷ್ಟು ದೂರ ಹೋಯಿತೆಂದು ಮೂರು ತಿಂಗಳು ಪುಸ್ತಕದಲ್ಲಿ ಬರೆದುಕೊಂಡೆ. ಚೆನ್ನಾಗಿ ತಗುಲಿದ ಹೊಡೆತ 205 ಗಜ ಹೋಯಿತು, ಕೋಲಿನ ಹಿಮ್ಮಡಿಗೆ ತಗುಲಿದ್ದು 160ಕ್ಕೆ ಬಿತ್ತು, ಹೆಚ್ಚಿನವು 180 ಮತ್ತು 195ರ ನಡುವೆ ಉಳಿದವು. ಅಂದರೆ ಒಂದೇ ಬೆಳಿಗ್ಗೆ, ಒಂದೇ ಚೆಂಡಿನಿಂದ ನನ್ನ ಎರಡು ಹೊಡೆತಗಳ ನಡುವಿನ ಅಂತರವೇ ಮೂವತ್ತು ನಲವತ್ತು ಗಜ. ಇದರಲ್ಲಿ ಐದು ಗಜವನ್ನು ಹುಡುಕಿ ತೆಗೆಯಲು ನನ್ನಿಂದ ಸಾಧ್ಯವಾಗಲಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಹೋಲಿಕೆ ಬಹಳ ಹತ್ತಿರದ್ದು. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ತೆಳು, ಹಾಗಾಗಿ ಚೆಂಡಿಗೆ ತಡೆ ಕಡಿಮೆ. ಉಳಿದೆಲ್ಲ ಸಂಗತಿಗಳು ಸಮನಾಗಿದ್ದರೆ ಚೆಂಡು ಇಲ್ಲಿ ಶೇ 3ರಷ್ಟು ಹೆಚ್ಚು ದೂರ ಹೋಗುತ್ತದೆ ಎಂಬುದು ಆಟಗಾರರಿಗೆಲ್ಲ ಗೊತ್ತಿರುವ ಸ್ಥೂಲ ಲೆಕ್ಕ. 200 ಗಜ ಹೊಡೆಯುವವನಿಗೆ ಅದು ಆರು ಗಜ. ನಮ್ಮ ಗೆಳೆಯರ ಗುಂಪು ವರ್ಷಕ್ಕೊಮ್ಮೆ ಚೆನ್ನೈನ ಗಿಂಡಿಗೆ ಹೋಗಿ ಆಡುತ್ತದೆ. ಹೊಸ ನಿಯಮ ನಮ್ಮಿಂದ ಕಿತ್ತುಕೊಳ್ಳುತ್ತದೆ ಎನ್ನಲಾಗುವ ದೂರವನ್ನು ನಾವು ಪ್ರತಿ ವರ್ಷ ಆ ಊರಿನಲ್ಲಿ ಕಳೆದುಕೊಂಡೇ ಆಡುತ್ತಿದ್ದೇವೆ. ಇನ್ನಷ್ಟು ದೂರ ಹೊಡೆಯುವ ಒಂದು ಐರನ್ (ಲೋಹದ ತಲೆಯ ಕೋಲು) ತೆಗೆದುಕೊಂಡು ಹೊಡೆಯುತ್ತೇವೆ, ಅಷ್ಟೇ. ಇದರಿಂದ ಆಟದ ಸಂತೋಷ ಕುಂದಿತು ಎಂದು ಗುಂಪಿನಲ್ಲಿ ಯಾರೂ ಈವರೆಗೆ ಹೇಳಿದ್ದಿಲ್ಲ.

ನಿಯಮ ಏಕೆ ಬೇಕಾಯಿತು ಎಂಬುದನ್ನು ವಿರೋಧಿಸುವವರು ಸಾಮಾನ್ಯವಾಗಿ ಚರ್ಚಿಸುವುದಿಲ್ಲ. 1980ರಲ್ಲಿ ಅಮೆರಿಕದ ಪಿಜಿಎ ಟೂರ್‌ನಲ್ಲಿ ಡ್ರೈವ್‌ನ ಸರಾಸರಿ ದೂರ ಸುಮಾರು 257 ಗಜವಿತ್ತು. 2023ರ ಹೊತ್ತಿಗೆ ಅದು 300 ಗಜಕ್ಕೆ ಬಂದು ಮುಟ್ಟಿತು. ಈ ನಡುವೆ ಮರದ ತಲೆಯ ಡ್ರೈವರ್ ಹೋಗಿ ಉಕ್ಕಿನದು ಬಂತು, ಅದೂ ಹೋಗಿ ಟೈಟೇನಿಯಂ ಬಂತು. ರಬ್ಬರ್ ದಾರ ಸುತ್ತಿದ ಚೆಂಡಿನ ಬದಲು 2000ನೇ ಇಸವಿಯ ಕೊನೆಯಲ್ಲಿ ಗಟ್ಟಿ ತಿರುಳಿನ, ತೆಳು ಹೊದಿಕೆಯ ಪ್ರೊ ವಿ1 ಎಂಬ ಚೆಂಡು ಮಾರುಕಟ್ಟೆಗೆ ಬಂದು, ಕೆಲವೇ ವರ್ಷಗಳಲ್ಲಿ ಎಲ್ಲರೂ ಆ ಬಗೆಯ ಚೆಂಡಿಗೆ ಬದಲಾದರು. ಆಟಗಾರರ ದೇಹಬಲ, ವ್ಯಾಯಾಮ, ಚೆಂಡಿನ ವೇಗ ಮತ್ತು ಕೋನವನ್ನು ಕ್ಷಣದಲ್ಲಿ ಅಳೆದು ತೋರಿಸುವ ಯಂತ್ರಗಳು, ಚಿಕ್ಕದಾಗಿ ಕತ್ತರಿಸಿದ ಗಟ್ಟಿ ಫೇರ್‌ವೇಗಳು, ಇವುಗಳ ಪಾಲೂ ಖಂಡಿತ ಇದೆ. ದೂರವೆಲ್ಲ ಚೆಂಡಿನಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬ ಯುವಕ ವ್ಯಾಯಾಮ ಮಾಡಬಾರದೆಂದು ನಿಯಮ ಬರೆಯಲು ಬರುವುದಿಲ್ಲ, ಬರೆಯಬಾರದು ಕೂಡ. ನಿಯಮದ ಕೈಗೆ ನ್ಯಾಯವಾಗಿ ಸಿಗುವುದು ಸಲಕರಣೆ ಮಾತ್ರ. ಡ್ರೈವರ್‌ನ ತಲೆಯ ಗಾತ್ರಕ್ಕೆ 460 ಘನ ಸೆಂಟಿಮೀಟರ್ ಎಂಬ ಮಿತಿ ಹಾಕಿದಾಗಲೂ ಹೀಗೆಯೇ ವಾದ ನಡೆದಿತ್ತು. ಇಂದು ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಚೆಂಡು ದೂರ ಹೋದಂತೆಲ್ಲ ಮೈದಾನ ಉದ್ದವಾಗಬೇಕಾಗುತ್ತದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ 1990ರ ಓಪನ್ ಚಾಂಪಿಯನ್‌ಷಿಪ್‌ನಲ್ಲಿ 6,933 ಗಜವಿತ್ತು. 2022ರಲ್ಲಿ ಅದು 7,313 ಗಜವಾಗಿತ್ತು. 2027ರ ಓಪನ್‌ಗಾಗಿ ಅದನ್ನು 7,445 ಗಜಕ್ಕೆ ಹಿಗ್ಗಿಸುವ ಯೋಜನೆ ಪ್ರಕಟವಾಗಿದೆ. ಶತಮಾನಗಳಿಂದ ಆಡುತ್ತ ಬಂದ ಆ ನೆಲದಲ್ಲಿ ಗ್ರೀನ್‌ಗಳು, ಅಂದರೆ ಗುಳಿಯಿರುವ ನುಣುಪು ಹುಲ್ಲಿನ ಜಾಗಗಳು, ಇದ್ದಲ್ಲೇ ಇವೆ. ಟೀಗಳು ಮಾತ್ರ ಹಿಂದೆ ಹಿಂದೆ ಸರಿಯುತ್ತಿವೆ. ಅಮೆರಿಕದ ಅಗಸ್ಟಾ ಗಾಲ್ಫ್ ಕ್ಲಬ್ಬಿನಲ್ಲಿ 13ನೇ ಹೋಲ್‌ನ (ಟೀಯಿಂದ ಗುಳಿಯವರೆಗಿನ ಒಂದು ಹಂತದ) ಟೀಯನ್ನು 35 ಗಜ ಹಿಂದಕ್ಕೆ ಒಯ್ಯಲು ಪಕ್ಕದ ಕ್ಲಬ್ಬಿನ ಜಾಗವನ್ನೇ ಖರೀದಿಸಬೇಕಾಯಿತು, 2023ರ ಮಾಸ್ಟರ್ಸ್ ಟೂರ್ನಿಯಲ್ಲಿ ಆ ಹೊಸ ಟೀ ಬಳಕೆಗೆ ಬಂತು. ಅಗಸ್ಟಾಗೆ ಹಣವಿದೆ, ಪಕ್ಕದಲ್ಲಿ ಕೊಳ್ಳಲು ಜಾಗವೂ ಇತ್ತು. ಬೆಂಗಳೂರಿಗೆ ಈ ಎರಡನೆಯದು ಎಲ್ಲಿಂದ ಬರಬೇಕು?

ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಹೈಗ್ರೌಂಡ್ಸ್‌ನ ಆ ಮೈದಾನ ಹುಟ್ಟಿದಾಗ ಸುತ್ತ ಬಯಲಿತ್ತು. ಇಂದು ಸುತ್ತ ವಾಹನಗಳಿಂದ ಕಿಕ್ಕಿರಿದ ರಸ್ತೆಗಳಿವೆ. ದೊಮ್ಮಲೂರಿನ ಆಚೆ ಇರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್ ಅದಕ್ಕಿಂತ ಬಹಳ ದೊಡ್ಡದು, ಹೊಸದು; ಅದರ ಸುತ್ತಲೂ ಈಗ ಕಚೇರಿ ಕಟ್ಟಡಗಳು ಎದ್ದು ನಿಂತಿವೆ. ಇವುಗಳಲ್ಲಿ ಯಾವುದೂ ಒಂದು ಗಜ ಹೊರಗೆ ಹೋಗುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನಮ್ಮ ಹಿರಿಯರು ಹೇಳಿದ್ದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಹಾಸಿಗೆಯನ್ನು ಹಿಗ್ಗಿಸುವ ದಾರಿ ನಗರದ ನಡುವೆ ಮುಚ್ಚಿಹೋಗಿದೆ. ನಗರದ ಕೋರ್ಸ್‌ಗಳಲ್ಲಿ ರಸ್ತೆಯ ಪಕ್ಕ ಎತ್ತರದ ಬಲೆ ಕಟ್ಟಿರುವುದನ್ನು ದಾರಿಹೋಕರೆಲ್ಲ ನೋಡಿರುತ್ತಾರೆ. ಚೆಂಡು ದೂರ ಹೋಗುವಷ್ಟೇ ದೂರ ಅಡ್ಡಾದಿಡ್ಡಿಯಾಗಿಯೂ ಹೋಗುತ್ತದೆ ಎಂಬುದನ್ನು ಆ ಬಲೆಗಳು ಹೇಳುತ್ತವೆ. ಒಂದು ಕೋನದಲ್ಲಿ ತಪ್ಪಿದ 220 ಗಜದ ಹೊಡೆತ ಫೇರ್‌ವೇಯ ಅಂಚಿನಲ್ಲಿ ನಿಲ್ಲುತ್ತದೆ. ಅದೇ ಕೋನದಲ್ಲಿ ತಪ್ಪಿದ 300 ಗಜದ ಹೊಡೆತ ಬೇಲಿಯಾಚೆಯ ಬೈಕ್ ಸವಾರನ ಮೇಲೆ ಬೀಳಬಹುದು. ಇಂಥ ಒಂದು ಚೆಂಡು ಬೇಲಿ ದಾಟಿ ರಸ್ತೆಗೆ ಬಿದ್ದು, ಒಬ್ಬ ತಾಯಿ ಮತ್ತು ಶಾಲೆಯ ಮಗುವಿನ ಕಾಲ ಬಳಿ ಪುಟಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಡೆದವನು ನಮ್ಮ ನಾಲ್ವರಲ್ಲೇ ಒಬ್ಬ ಬಲಿಷ್ಠ ಯುವಕ. ಆ ದಿನ ಅವನಿಗೆ ಉಳಿದ ಹೋಲ್‌ಗಳನ್ನು ಆಡಲು ಮನಸ್ಸಾಗಲಿಲ್ಲ.

ನೀರಿನ ಮಾತನ್ನು ಇಲ್ಲಿ ಬಿಟ್ಟು ಹೋಗುವಂತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಕಾರು ತೊಳೆಯಲು, ಕೈತೋಟಕ್ಕೆ ಹಾಯಿಸಲು ಬಳಸಬಾರದೆಂದು ಜಲಮಂಡಳಿ ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತ್ತು. ಆ ತಿಂಗಳುಗಳಲ್ಲಿ ಹಸಿರು ಮೈದಾನದಲ್ಲಿ ನಡೆಯುವಾಗ ನನಗೆ ಮುಜುಗರವಾಗುತ್ತಿತ್ತು. ಕೋರ್ಸ್‌ಗಳಿಗೆ ಹಾಯಿಸಲು ಸಂಸ್ಕರಿಸಿದ ನೀರೇ ಇರಲಿ, ಅದನ್ನೂ ಎತ್ತಲು, ಹಾಯಿಸಲು ವಿದ್ಯುತ್ ಬೇಕು, ಕೂಲಿ ಬೇಕು. ಪ್ರತಿ ಹೋಲ್‌ಗೆ ಇಪ್ಪತ್ತು ಗಜ ಸೇರಿಸಿದರೆ ಹದಿನೆಂಟು ಹೋಲ್‌ಗಳಿಗೆ 360 ಗಜ. ಅಷ್ಟು ಉದ್ದಕ್ಕೂ ಹುಲ್ಲು ಬೆಳೆಸಬೇಕು, ಕತ್ತರಿಸಬೇಕು, ನೀರುಣಿಸಬೇಕು. ಆಟಗಾರ, ಅವನ ಚೀಲ ಹೊತ್ತ ಕ್ಯಾಡಿ ಇಬ್ಬರೂ ಅಷ್ಟನ್ನು ಹೆಚ್ಚಾಗಿ ನಡೆಯಬೇಕು. ನಗರದ ಹೊರವಲಯದಲ್ಲಿ ಹೊಸ ಕೋರ್ಸ್ ಕಟ್ಟುವವರು ಟೂರ್ನಿಗೆ ತಕ್ಕುದೆಂದು ಜಾಹೀರಾತು ಮಾಡಲು ಏಳು ಸಾವಿರ ಗಜಕ್ಕೂ ಹೆಚ್ಚು ಉದ್ದವನ್ನೇ ಬಯಸುತ್ತಾರೆ. ಅಲ್ಲಿ ಬಂದು ಆಡುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಇನ್ನೂರು ಗಜದವರು. ರಾಗಿ ಬೆಳೆಯುತ್ತಿದ್ದ ಹೊಲದ ಎಷ್ಟು ಭಾಗ, ಯಾರೂ ನಿಂತು ಹೊಡೆಯದ ಹಿಂದಿನ ಟೀಗಳಿಗಾಗಿ ಹೋಗಬೇಕು ಎಂಬ ಪ್ರಶ್ನೆಯನ್ನು ಗಾಲ್ಫ್ ಆಡುವ ನಾವೇ ಕೇಳದಿದ್ದರೆ, ಆಡದವರು ನಮ್ಮನ್ನು ಕೇಳುತ್ತಾರೆ. ಕೇಳಲು ಅವರಿಗೆ ಹಕ್ಕಿದೆ.

ಎಲ್ಲರ ಚೆಂಡನ್ನೂ ಒಮ್ಮೆಲೇ ಬದಲಿಸಿದ ಉದಾಹರಣೆ ಇಲ್ಲ ಎಂದು ಹೇಳುವವರಿಗೆ ಆಟದ ಇತಿಹಾಸ ನೆನಪಿಲ್ಲ. ಬಹಳ ಕಾಲ ಜಗತ್ತಿನಲ್ಲಿ ಎರಡು ಗಾತ್ರದ ಚೆಂಡುಗಳಿದ್ದವು. ಅಮೆರಿಕದಲ್ಲಿ ವ್ಯಾಸ ಕನಿಷ್ಠ 1.68 ಇಂಚು ಇರಬೇಕಿತ್ತು. ಬ್ರಿಟನ್ನಿನಲ್ಲಿ ಮತ್ತು ಅದರ ನಿಯಮ ಅನುಸರಿಸಿದ ದೇಶಗಳಲ್ಲಿ 1.62 ಇಂಚಿನದು ನಡೆಯುತ್ತಿತ್ತು. ಈ ಸಣ್ಣ ಚೆಂಡು ಎದುರುಗಾಳಿಯನ್ನು ಸೀಳಿಕೊಂಡು ಹೆಚ್ಚು ದೂರ ಹೋಗುತ್ತಿತ್ತು. 1974ರಿಂದ ಓಪನ್ ಚಾಂಪಿಯನ್‌ಷಿಪ್‌ನಲ್ಲಿ ದೊಡ್ಡ ಚೆಂಡು ಕಡ್ಡಾಯವಾಯಿತು, 1990ರಲ್ಲಿ ಸಣ್ಣ ಚೆಂಡು ನಿಯಮಪುಸ್ತಕದಿಂದಲೇ ಹೊರಬಿತ್ತು. ಅದರೊಂದಿಗೆ ಬ್ರಿಟನ್ನಿನ ಪ್ರತಿಯೊಬ್ಬ ಹವ್ಯಾಸಿಯೂ ಒಂದಷ್ಟು ದೂರವನ್ನು ಬಿಟ್ಟುಕೊಟ್ಟ. ಯಾರ ಆಟವೂ ನಿಲ್ಲಲಿಲ್ಲ. ನಾನು ಆಟ ಕಲಿಯುತ್ತಿದ್ದಾಗ ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಮೇಜಿನ ಖಾನೆಯಲ್ಲಿ ಜೋಪಾನವಾಗಿಟ್ಟಿದ್ದ ಇಂಥದೊಂದು ಸಣ್ಣ ಚೆಂಡನ್ನು ನನ್ನ ಅಂಗೈಯಲ್ಲಿಟ್ಟು, ಈಗಿನ ಚೆಂಡನ್ನು ಇನ್ನೊಂದು ಅಂಗೈಯಲ್ಲಿಟ್ಟಿದ್ದರು. ಕಣ್ಣು ಮುಚ್ಚಿದರೂ ವ್ಯತ್ಯಾಸ ತಿಳಿಯುತ್ತಿತ್ತು. ದೊಡ್ಡ ಚೆಂಡಿಗೆ ಒಗ್ಗಿಕೊಳ್ಳಲು ತಮಗೆ ಒಂದು ಮಳೆಗಾಲ ಸಾಕಾಯಿತು ಎಂದು ಅವರು ಹೇಳಿದ ಮಾತು ಈ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುತ್ತದೆ.

ಆ ಸಣ್ಣ ಚೆಂಡಿನ ಕಾಲದಲ್ಲೇ ಐದು ಸಲ, 1954, 1955, 1956, 1958 ಮತ್ತು 1965ರಲ್ಲಿ, ಓಪನ್ ಗೆದ್ದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಇಂಡಿಯನ್ ಓಪನ್ ಅನ್ನು ಮೂರು ಬಾರಿ ಗೆದ್ದವರೂ ಅವರೇ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್ ವಿನ್ಯಾಸ ಮಾಡಿದವರೂ ಅವರೇ. ಅಲ್ಲಿ ಆಡಿದವರಿಗೆ ಗೊತ್ತು: ನೀರು, ಬಂಕರ್ ಮತ್ತು ಗಾಳಿಯನ್ನು ಲೆಕ್ಕ ಹಾಕಿ, ಎಲ್ಲಿ ಚೆಂಡು ನಿಲ್ಲಿಸಬೇಕೆಂದು ಮೊದಲೇ ಯೋಚಿಸಿ ಹೊಡೆಯುವವನಿಗೆ ಆ ಕೋರ್ಸ್ ದಾರಿ ಬಿಡುತ್ತದೆ. ವಿನ್ಯಾಸಕಾರ ಬಹಳ ಯೋಚಿಸಿ ಇಟ್ಟ ಬಂಕರ್‌ನ ಮೇಲಿಂದ ಚೆಂಡು ಸಲೀಸಾಗಿ ಹಾರಿಹೋಗುವಂತಾದರೆ, ಆ ಬಂಕರ್ ಬರಿಯ ಮರಳಿನ ಗುಂಡಿಯಾಗಿ ಉಳಿಯುತ್ತದೆ. ಅಲ್ಲಿ ಒಂದು ಪ್ರಶ್ನೆ ಇತ್ತು, ಈಗ ಇಲ್ಲ.

ಇನ್ನು ಹೆಚ್ಚು ಗಂಭೀರವಾದ ವಾದಕ್ಕೆ ಬರುತ್ತೇನೆ. ವೃತ್ತಿಪರರಿಗೆ ಬೇಕಾದರೆ ಬೇರೆ ಚೆಂಡು ಕೊಡಿ, ಹವ್ಯಾಸಿಗಳನ್ನು ಅವರ ಪಾಡಿಗೆ ಬಿಡಿ ಎನ್ನುತ್ತಾರೆ. 2023ರ ಮಾರ್ಚ್‌ನಲ್ಲಿ ನಿಯಮ ಸಂಸ್ಥೆಗಳು ಮುಂದಿಟ್ಟ ಮೊದಲ ಪ್ರಸ್ತಾವ ಇದೇ ಆಗಿತ್ತು. ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ಪಿಜಿಎ ಟೂರ್ ಕೂಡ ಇತ್ತು. ಆಮೇಲೆಯೇ ಎಲ್ಲರಿಗೂ ಒಂದೇ ನಿಯಮ ಎಂಬ ನಿರ್ಧಾರಕ್ಕೆ ಬರಲಾಯಿತು. ಎರಡು ಚೆಂಡಿನ ಪರವಾಗಿ ಹೇಳಲು ಏನೂ ಇಲ್ಲವೆಂದಲ್ಲ; ಹೊಡೆಯುವ ಕೋಲುಗಳ ಮುಖದ ಮೇಲಿನ ಗೀರುಗಳ ನಿಯಮ 2010ರಲ್ಲಿ ಬದಲಾದಾಗ ಹವ್ಯಾಸಿಗಳಿಗೆ ವರ್ಷಗಟ್ಟಲೆ ಕಾಲಾವಕಾಶ ಕೊಟ್ಟಿದ್ದರು. ಆದರೆ ಕಾಲಾವಕಾಶ ಬೇರೆ, ಎರಡು ಆಟಗಳನ್ನು ಮಾಡುವುದು ಬೇರೆ.

ಗೆರೆಯನ್ನು ಎಲ್ಲಿ ಎಳೆಯುವುದು ಎಂದು ಯೋಚಿಸಿ ನೋಡಬೇಕು. ಹದಿನಾರು ವರ್ಷದ ಹುಡುಗಿಯೊಬ್ಬಳು ಶನಿವಾರ ತಂದೆಯ ಜೊತೆ ಕ್ಲಬ್ ಪಂದ್ಯ ಆಡುತ್ತಾಳೆ, ಮುಂದಿನ ವಾರ ರಾಜ್ಯಮಟ್ಟದ ಹವ್ಯಾಸಿ ಸ್ಪರ್ಧೆ ಆಡುತ್ತಾಳೆ, ತಿಂಗಳು ಕಳೆದ ಮೇಲೆ ವೃತ್ತಿಪರರ ಟೂರ್ನಿಗೆ ಆಹ್ವಾನ ಪಡೆಯುತ್ತಾಳೆ. ಅವಳು ಯಾವ ಚೆಂಡಿನಲ್ಲಿ ಅಭ್ಯಾಸ ಮಾಡಬೇಕು? ಇದು ಕಲ್ಪನೆಯ ಮಾತಲ್ಲ. ಬೆಂಗಳೂರಿನ ಅದಿತಿ ಅಶೋಕ್ ವೃತ್ತಿಪರರಾದದ್ದು 2016ರ ಆರಂಭದಲ್ಲಿ, ಇನ್ನೂ ಹದಿನೇಳರಲ್ಲಿ. ಅದೇ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್, ನವೆಂಬರ್‌ನಲ್ಲಿ ಮಹಿಳಾ ಇಂಡಿಯನ್ ಓಪನ್ ಪ್ರಶಸ್ತಿ. ಹವ್ಯಾಸಿಯಿಂದ ವೃತ್ತಿಪರರಾಗುವ ಹಾದಿ ನಮ್ಮ ಮಕ್ಕಳಿಗೆ ಅಷ್ಟು ಚಿಕ್ಕದು, ಅಷ್ಟು ಇಕ್ಕಟ್ಟಿನದು. ಅದರ ನಡುವೆ ಬೇರೆ ಚೆಂಡಿನ ಗೋಡೆ ಕಟ್ಟಿದರೆ ಅದನ್ನು ಸುಲಭವಾಗಿ ದಾಟುವುದು ಹಣವಿದ್ದ ಮನೆಯ ಮಕ್ಕಳು. ಎರಡು ಬಗೆಯ ಚೆಂಡುಗಳನ್ನು ಡಜನ್‌ಗಟ್ಟಲೆ ಕೊಳ್ಳಲು ಎಲ್ಲರಿಂದ ಆಗುವುದಿಲ್ಲ.

ಅದಿತಿಯ ಹೆಸರು ಬಂದದ್ದರಿಂದ 2021ರ ಆಗಸ್ಟ್‌ನ ಆ ಶನಿವಾರವನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗದು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲಿಯೂ ಬೆಳಿಗ್ಗೆ ಟಿವಿ ಹಾಕಿದ್ದರು. ಕಾಫಿ ಆರಿಹೋಗುತ್ತಿದ್ದರೂ ನನ್ನ ಪತ್ನಿ ಪರದೆಯ ಮುಂದಿನಿಂದ ಏಳಲಿಲ್ಲ. ಕಸುಮಿಗಸೆಕಿ ಕೋರ್ಸ್‌ನಲ್ಲಿ, ತಾಯಿಯೇ ಕ್ಯಾಡಿಯಾಗಿ ಚೀಲ ಹೊತ್ತು ಜೊತೆಗಿದ್ದಾಗ, ಅದಿತಿ ನಾಲ್ಕು ಸುತ್ತುಗಳಲ್ಲಿ ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳಿಗಿಂತ) 15 ಹೊಡೆತ ಕಡಿಮೆ ಆಡಿ, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಟೀಯಿಂದ ಹೊಡೆದ ಚೆಂಡು ಅದಿತಿಯ ಚೆಂಡಿಗಿಂತ ಬಹಳ ಮುಂದೆ ಹೋಗಿ ಬೀಳುತ್ತಿತ್ತು. ಡ್ರೈವ್‌ನ ದೂರದಲ್ಲಿ ಅದಿತಿ ಆ ಅರವತ್ತು ಮಂದಿಯ ಪೈಕಿ ಕೊನೆಯ ಸಾಲಿನಲ್ಲಿದ್ದವರು, ಗ್ರೀನ್ ಮೇಲೆ ಚೆಂಡನ್ನು ಉರುಳಿಸಿ ಗುಳಿಗೆ ಹಾಕುವ ಪಟ್ಟಿಂಗ್‌ನಲ್ಲಿ ಎಲ್ಲರಿಗಿಂತ ಮುಂದಿದ್ದವರು. ಬೇರೆಯವರು ಚಿಕ್ಕ ಐರನ್ ಹಿಡಿಯುವಲ್ಲಿ ಇವರು ದೂರದ ಹೊಡೆತದ ಹೈಬ್ರಿಡ್ ಕೋಲು ಹಿಡಿದು ಗ್ರೀನ್ ಮುಟ್ಟಿಸುತ್ತಿದ್ದರು, ಅಲ್ಲಿಂದ ಪಟ್ಟರ್ ಮಾತಾಡುತ್ತಿತ್ತು. ಅಂದು ಆ ಆಟವನ್ನು ನೋಡಿ ಕಣ್ಣು ತೇವ ಮಾಡಿಕೊಂಡ ನಾವು, ದೂರವೇ ಆಟದ ಜೀವಾಳ ಎಂದು ಇಂದು ಯಾವ ಬಾಯಿಯಿಂದ ಹೇಳುವುದು? ಅವರ ಆ ಕೌಶಲಕ್ಕೆ ಇಂದಿಗಿಂತ ಹೆಚ್ಚು ಬೆಲೆ ಸಿಗುವ ಆಟ ನನಗೆ ಬೇಕು.

ಹ್ಯಾಂಡಿಕ್ಯಾಪ್ ಪದ್ಧತಿಯೂ ಒಂದೇ ಚೆಂಡಿನ ಪರವಾಗಿಯೇ ಇದೆ. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಇತ್ತೀಚಿನ ಇಪ್ಪತ್ತು ಸುತ್ತುಗಳ ಪೈಕಿ ಉತ್ತಮವಾದ ಎಂಟರ ಸರಾಸರಿಯಿಂದ ಆಟಗಾರನ ಅಂಕ ನಿರ್ಧಾರವಾಗುತ್ತದೆ. ಹೊಸ ಚೆಂಡಿನಿಂದ ಯಾರಿಗಾದರೂ ಸುತ್ತಿಗೆ ಅರ್ಧ ಹೊಡೆತ ಹೆಚ್ಚಾದರೆ ಅದು ತಾನಾಗಿಯೇ ಅವರ ಹ್ಯಾಂಡಿಕ್ಯಾಪ್‌ನಲ್ಲಿ ಸೇರಿಕೊಳ್ಳುತ್ತದೆ. ಎದುರಾಳಿಯೊಂದಿಗಿನ ಸಮತೋಲ ಕೆಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ವಿರೋಧಿಸುವವರ ಎರಡು ಮಾತುಗಳಲ್ಲಿ ನಿಜವಿದೆ ಎಂದು ಒಪ್ಪದಿದ್ದರೆ ನನ್ನ ಪತ್ರ ಪ್ರಾಮಾಣಿಕವಾಗುವುದಿಲ್ಲ. ಮೊದಲನೆಯದು ಮಹಿಳೆಯರ ಮತ್ತು ವಯಸ್ಸಾದವರ ಮಾತು. ಹವ್ಯಾಸಿ ಮಹಿಳೆಯರ ಡ್ರೈವ್ ಸರಾಸರಿ 150 ಗಜದ ಒಳಗೇ ಇರುತ್ತದೆ. ಎಪ್ಪತ್ತು ದಾಟಿದ ನನ್ನ ಹಿರಿಯ ಗೆಳೆಯರದ್ದೂ ಅಷ್ಟೇ. ಅವರಿಗೆ ಎರಡು ಗಜ ಕಡಿಮೆಯಾದರೂ ಎರಡನೆಯ ಹೊಡೆತ ಹಳ್ಳ ದಾಟದೆ ಹೋಗಬಹುದು. ಆದರೆ ಅವರ ಕಷ್ಟಕ್ಕೆ ಮೂಲ ಚೆಂಡಿನಲ್ಲಿಲ್ಲ. ನಮ್ಮ ಅನೇಕ ಕೋರ್ಸ್‌ಗಳಲ್ಲಿ ಮುಂದಿನ ಟೀಗಳನ್ನು ಹೆಸರಿಗೆ ಮಾತ್ರ ಇಟ್ಟಿರುವುದರಲ್ಲಿದೆ. ಹಿಂದಿನ ಟೀಯಿಂದ ಮೂವತ್ತು ಹೆಜ್ಜೆ ಮುಂದೆ, ಇಳಿಜಾರಿನಲ್ಲಿ, ಹುಲ್ಲೂ ಸರಿಯಾಗಿ ಬೆಳೆಯದ ತುಂಡು ಜಾಗದಲ್ಲಿ ಎರಡು ಗುರುತು ನೆಟ್ಟು ಇದು ಮಹಿಳೆಯರ ಟೀ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. 150 ಗಜ ಹೊಡೆಯುವವರು ನಾಲ್ಕು ಪಾರ್‌ನ ಹೋಲ್‌ನ ಗ್ರೀನನ್ನು ಎರಡು ಹೊಡೆತದಲ್ಲಿ ಮುಟ್ಟಬೇಕಾದರೆ ಅದರ ಉದ್ದ 270, 280 ಗಜದೊಳಗೆ ಇರಬೇಕು. ಅಂಥ ಹೋಲ್ ನಮ್ಮಲ್ಲಿ ಎಷ್ಟಿವೆ? ಪುರುಷರೂ, ಮುಖ್ಯವಾಗಿ ನನ್ನ ವಯಸ್ಸಿನವರು, ಹಿಂದಿನ ಟೀಯಲ್ಲಿ ನಿಲ್ಲುವುದೇ ಗೌರವ ಎಂಬ ಭಾವನೆಯನ್ನು ಬಿಡಬೇಕು. ಎರಡು ವರ್ಷಗಳ ಹಿಂದೆ ನಾವು ನಾಲ್ವರು ಒಂದು ಟೀ ಮುಂದಕ್ಕೆ ಬಂದೆವು. ಸುತ್ತು ಮುಗಿಯಲು ತಗುಲುವ ಸಮಯ ಅರ್ಧ ಗಂಟೆ ಕಡಿಮೆಯಾಯಿತು, ಹಿಂದಿನ ಗುಂಪಿನವರು ಕಾಯುವುದು ತಪ್ಪಿತು.

ಎರಡನೆಯದು ಖರ್ಚಿನ ಮಾತು. ಒಳ್ಳೆಯ ಚೆಂಡು ಒಂದು ಡಜನ್‌ಗೆ ನಾಲ್ಕೈದು ಸಾವಿರ ರೂಪಾಯಿ. ಹೊಸ ವಿನ್ಯಾಸದ ಚೆಂಡುಗಳು ಬಂದಾಗ ಬೆಲೆ ಇಳಿಯುತ್ತದೆಂದು ನಂಬಲು ಕಾರಣವಿಲ್ಲ. ನಮ್ಮ ಕ್ಯಾಡಿಗಳು, ಕ್ಯಾಡಿಗಳ ಮಕ್ಕಳು, ಅಭ್ಯಾಸದ ರೇಂಜ್‌ನಲ್ಲಿ ಚೆಂಡು ಆರಿಸುವ ಹುಡುಗರು ಆಟ ಕಲಿಯುವುದು ಪೊದೆಯಲ್ಲಿ, ಕೆರೆಯಲ್ಲಿ ಸಿಕ್ಕಿದ ಹಳೆಯ ಚೆಂಡುಗಳಿಂದ. ಹಾಗೆ ಕಲಿತವರಲ್ಲಿ ಒಬ್ಬರಾದ ಬೆಂಗಳೂರಿನ ಸಿ. ಮುನಿಯಪ್ಪ, ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಹತ್ತಿರದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಕೂಡ ಕೋರ್ಸ್ ಪಕ್ಕದಲ್ಲಿ ಬೆಳೆದು ಆಟಕ್ಕೆ ಬಂದವರೇ. ನಿಯಮ ಬದಲಾದ ಮೊದಲ ವರ್ಷಗಳಲ್ಲಿ ಪೊದೆಯಲ್ಲಿ ಸಿಗುವ ಚೆಂಡುಗಳೆಲ್ಲ ಹಳೆಯ ಮಾದರಿಯವೇ ಆಗಿರುತ್ತವೆ. ಅಂಥ ಚೆಂಡು ಹಿಡಿದು ಬಂದ ಕಾರಣಕ್ಕೆ ಒಬ್ಬ ಕ್ಯಾಡಿಯ ಮಗನನ್ನು ಜಿಲ್ಲಾ ಮಟ್ಟದ ಕಿರಿಯರ ಸ್ಪರ್ಧೆಯಿಂದ ಹೊರಹಾಕುವಂಥ ಪರಿಸ್ಥಿತಿ ಬರಕೂಡದು. ಇದಕ್ಕೆ ಉತ್ತರ ನಿಯಮವನ್ನು ಬಿಡುವುದಲ್ಲ. ಅಂಥ ಮಕ್ಕಳಿಗೆ ಚೆಂಡು ಒದಗಿಸುವುದು. ವರ್ಷಕ್ಕೆ ನೂರಾರು ಚೆಂಡು ಕಳೆಯುವ ಸದಸ್ಯರಿರುವ ಕ್ಲಬ್ಬುಗಳಿಗೆ ಇದು ದೊಡ್ಡ ಹೊರೆಯೇನಲ್ಲ.

ಆದ್ದರಿಂದ ನಮ್ಮ ರಾಜ್ಯದ ಕ್ಲಬ್ಬುಗಳ ಆಡಳಿತ ಸಮಿತಿಗಳಲ್ಲಿ ಮತ್ತು ಇಂಡಿಯನ್ ಗಾಲ್ಫ್ ಯೂನಿಯನ್‌ನಲ್ಲಿ ನನ್ನ ಕೋರಿಕೆ ಇಷ್ಟು. ಹವ್ಯಾಸಿಗಳ ಪರವಾಗಿ ಮಾತನಾಡುವಾಗ ಐದು ಗಜದ ಅಳಲನ್ನು ಮುಂದಿಡಬೇಡಿ. ಹೊಸ ನಿಯಮ ಏನು, ಯಾವ ಚೆಂಡು ಯಾವಾಗಿನಿಂದ ಅರ್ಹ, ಹಳೆಯ ಚೆಂಡನ್ನು ಎಲ್ಲಿಯವರೆಗೆ ಬಳಸಬಹುದು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆಸಿ, ಕ್ಯಾಡಿಗಳ ಕೋಣೆಯಲ್ಲಿ, ಆಟ ಆರಂಭಿಸಿಕೊಡುವ ಸ್ಟಾರ್ಟರ್‌ನ ಮೇಜಿನ ಬಳಿ ಹಚ್ಚಿಸಿ. ಮೈದಾನದಲ್ಲಿ ನಿಯಮ ವಿವರಿಸುವವರು ಕೊನೆಗೂ ಕ್ಯಾಡಿಗಳೇ. ಕಿರಿಯರ ಸ್ಪರ್ಧೆಗಳಿಗೆ ಚೆಂಡಿನ ನಿಧಿಯೊಂದನ್ನು ಈಗಲೇ ಆರಂಭಿಸಿ. ಮುಂದಿನ ಮಳೆಗಾಲ ಹುಲ್ಲು ನಾಟಿಗೆ ಸರಿಯಾದ ಕಾಲ. ಅಷ್ಟರೊಳಗೆ ಪ್ರತಿ ಕೋರ್ಸ್‌ನಲ್ಲಿ ಮುಂದಿನ ಟೀಗಳಿಗೆ ಸಮತಟ್ಟಾದ, ನೆರಳಿರುವ, ನಿಂತು ಹೊಡೆಯಲು ಯೋಗ್ಯವಾದ ಜಾಗ ಗುರುತಿಸುವ ಕೆಲಸಕ್ಕೆ ಮಹಿಳಾ ಸದಸ್ಯರನ್ನೂ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ನಿಂತು ತೋರಿಸಿದಲ್ಲೇ ಗುರುತು ನೆಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಗಾಲ್ಫ್ ಆಟಗಾರ,
ಬೆಂಗಳೂರು